ಲಿನಕ್ಸ್‌ನಲ್ಲಿ ಆಟ ಇನ್‌ಸ್ಟಾಲ್ ಮಾಡುವಾಗ ಲೈಬ್ರರಿ ಸಿಗದಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಟವೊಂದನ್ನು ಇನ್‌ಸ್ಟಾಲ್ ಮಾಡಿ ಅದರ ಐಕಾನ್ ಒತ್ತಿದರೆ ಏನೂ ಆಗುವುದಿಲ್ಲ. ಟರ್ಮಿನಲ್‌ನಿಂದ ಚಲಾಯಿಸಿದರೆ ಯಾವುದೋ ‘.ಎಸ್‌ಒ’ ಕಡತ ಸಿಗಲಿಲ್ಲ ಎಂಬ ಒಂದು ಸಾಲು ಬಂದು ಅಲ್ಲಿಗೇ ನಿಲ್ಲುತ್ತದೆ. ಈ ತೊಂದರೆಯನ್ನು ಎದುರಿಸುವವರಲ್ಲಿ ಬಹಳಷ್ಟು ಜನ ಆ ಸಾಲನ್ನು ಪೂರ್ತಿಯಾಗಿ ಓದದೆ, ಎಲ್ಲಿಂದಲೋ ಸಿಕ್ಕ ಕಮಾಂಡ್‌ಗಳನ್ನು ಒಂದರ ಹಿಂದೊಂದರಂತೆ ಪ್ರಯೋಗಿಸುತ್ತಾರೆ. ಸಣ್ಣ ತೊಂದರೆ ದೊಡ್ಡದಾಗುವುದು ಆಗಲೇ. ಏನು ಬೇಕು, ಅದರ ಯಾವ ಆವೃತ್ತಿ ಬೇಕು, ಅದು 32-ಬಿಟ್‌ನದೋ 64-ಬಿಟ್‌ನದೋ ಎಂಬ ಮೂರು ಸಂಗತಿಗಳು ಗೊತ್ತಾದರೆ ಈ ದೋಷಗಳಲ್ಲಿ ಹೆಚ್ಚಿನವು ಕೆಲವೇ ನಿಮಿಷಗಳಲ್ಲಿ ಬಗೆಹರಿಯುತ್ತವೆ. ಕೆಳಗಿನ ಉತ್ತರಗಳೆಲ್ಲ ಈ ಮೂರು ಸಂಗತಿಗಳನ್ನು ಹಿಡಿದೇ ಸಾಗುತ್ತವೆ.

ಕಮಾಂಡ್‌ಗಳ ಮತ್ತು ಕಡತಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಲಿನಕ್ಸ್ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳನ್ನು ಬೇರೆ ಬೇರೆಯಾಗಿ ಕಾಣುವುದರಿಂದ, ಕಡತದ ಹೆಸರನ್ನು ದೋಷ ಸಂದೇಶದಿಂದಲೇ ನಕಲು ಮಾಡಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಲೈಬ್ರರಿ ಎಂದರೇನು? ಆಟದೊಳಗೇ ಅದೆಲ್ಲ ಇರುವುದಿಲ್ಲವೇ?

ಪರದೆಯ ಮೇಲೆ ಚಿತ್ರ ಮೂಡಿಸುವುದು, ಧ್ವನಿ ಹೊರಡಿಸುವುದು, ಕೀಲಿಮಣೆ ಹಾಗೂ ಗೇಮ್‌ಪ್ಯಾಡ್‌ಗಳಿಂದ ಬರುವ ಸೂಚನೆಗಳನ್ನು ಓದುವುದು, ಇಂಟರ್ನೆಟ್ ಸಂಪರ್ಕ ಸಾಧಿಸುವುದು ಮುಂತಾದ ಕೆಲಸಗಳು ಎಲ್ಲ ಆಟಗಳಿಗೂ ಬೇಕಾಗುವಂಥವು. ಇವುಗಳನ್ನು ಪ್ರತಿ ಆಟವೂ ಹೊಸದಾಗಿ ಬರೆದುಕೊಳ್ಳುವ ಬದಲು, ಬೇರೆಯವರು ಬರೆದಿಟ್ಟ ಸಿದ್ಧ ಕೋಡ್ ಅನ್ನು ಬಳಸಿಕೊಳ್ಳುತ್ತದೆ. ಆ ಸಿದ್ಧ ಕೋಡ್ ಇರುವ ಕಡತವೇ ಲೈಬ್ರರಿ. ಆಟಗಳಲ್ಲಿ ಹೆಚ್ಚಾಗಿ ಕಾಣುವವೆಂದರೆ ಕಿಟಕಿ ಮತ್ತು ಇನ್‌ಪುಟ್‌ಗಾಗಿ ಎಸ್‌ಡಿಎಲ್, ಧ್ವನಿಗಾಗಿ ಓಪನ್‌ಎಎಲ್, ಧ್ವನಿ ಕಡತಗಳನ್ನು ಓದಲು ವೋರ್ಬಿಸ್, ಗ್ರಾಫಿಕ್ಸ್‌ಗಾಗಿ ಓಪನ್‌ಜಿಎಲ್ ಅಥವಾ ವಲ್ಕನ್.

ಲಿನಕ್ಸ್‌ನಲ್ಲಿ ಇಂಥ ಲೈಬ್ರರಿಯ ಒಂದೇ ಪ್ರತಿ ಇಡೀ ವ್ಯವಸ್ಥೆಗೆ ಸಾಕಾಗುವಂತೆ ಇರುತ್ತದೆ ಮತ್ತು ಬೇಕಾದ ತಂತ್ರಾಂಶಗಳೆಲ್ಲ ಅದನ್ನೇ ಹಂಚಿಕೊಳ್ಳುತ್ತವೆ. ಇದರಿಂದ ಭದ್ರತಾ ದೋಷವೊಂದನ್ನು ಒಂದು ಕಡೆ ಸರಿಪಡಿಸಿದರೆ ಎಲ್ಲ ತಂತ್ರಾಂಶಗಳಿಗೂ ಅದರ ಫಲ ಸಿಗುತ್ತದೆ. ಆಟವನ್ನು ಆರಂಭಿಸಿದಾಗ ಮೊದಲು ಕೆಲಸಕ್ಕೆ ಇಳಿಯುವುದು ಆಟವಲ್ಲ, ‘ಎಲ್‌ಡಿ-ಲಿನಕ್ಸ್’ ಎಂಬ ಲೋಡರ್. ಅದು ಆಟದ ಕಡತದಲ್ಲಿ ಬರೆದಿರುವ ಲೈಬ್ರರಿಗಳ ಪಟ್ಟಿಯನ್ನು ಓದಿ, ಒಂದೊಂದನ್ನೂ ಗೊತ್ತಾದ ಜಾಗಗಳಲ್ಲಿ ಹುಡುಕಿ ಮೆಮೊರಿಗೆ ತರುತ್ತದೆ. ಪಟ್ಟಿಯಲ್ಲಿರುವ ಒಂದು ಹೆಸರು ಸಿಗದಿದ್ದರೂ ಆಟದ ಮೊದಲ ಸಾಲು ಕೂಡ ಚಲಿಸುವುದಿಲ್ಲ. ಏನೂ ಆಗದೆ ಆಟ ಸುಮ್ಮನಾಗುವುದಕ್ಕೆ ಇದೇ ಕಾರಣ. ದೋಷವನ್ನು ತೋರಿಸುವ ಕಿಟಕಿಯನ್ನು ತೆರೆಯುವಷ್ಟೂ ಅವಕಾಶ ಅದಕ್ಕೆ ಸಿಕ್ಕಿರುವುದಿಲ್ಲ.

ಪ್ರಶ್ನೆ: ದೋಷ ಸಂದೇಶವನ್ನು ಹೇಗೆ ಓದಬೇಕು?

ಮೊದಲು ಟರ್ಮಿನಲ್ ತೆರೆದು, ಆಟವಿರುವ ಫೋಲ್ಡರ್‌ಗೆ ಹೋಗಿ, ಚುಕ್ಕೆ ಮತ್ತು ಓರೆಗೆರೆಯನ್ನು ಮುಂದಿಟ್ಟು ಆಟದ ಕಡತದ ಹೆಸರನ್ನು ಟೈಪ್ ಮಾಡಿ ಚಲಾಯಿಸಿ. ಆಗ ಬರುವ ಸಂದೇಶ ಸಾಮಾನ್ಯವಾಗಿ ಕೆಲವು ಬಗೆಗಳಲ್ಲಿ ಒಂದಾಗಿರುತ್ತದೆ, ಮತ್ತು ಪ್ರತಿಯೊಂದು ಬಗೆಗೂ ಪರಿಹಾರ ಬೇರೆ.

ಲೈಬ್ರರಿಯ ಹೆಸರಿನ ಮುಂದೆ ‘ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್’ ಎಂದಿದ್ದರೆ ಆ ಲೈಬ್ರರಿ ಇಲ್ಲ ಅಥವಾ ಲೋಡರ್ ಹುಡುಕುವ ಜಾಗದಲ್ಲಿ ಇಲ್ಲ. ‘ರಾಂಗ್ ಇಎಲ್‌ಎಫ್ ಕ್ಲಾಸ್’ ಎಂದಿದ್ದರೆ ಲೈಬ್ರರಿ ಸಿಕ್ಕಿದೆ, ಆದರೆ ಅದು 64-ಬಿಟ್‌ನ ಬದಲು 32-ಬಿಟ್‌ನದು ಅಥವಾ ಅದಕ್ಕೆ ವಿರುದ್ಧ. ‘ವರ್ಷನ್ ನಾಟ್ ಫೌಂಡ್’ ಎಂದಿದ್ದರೆ ಲೈಬ್ರರಿ ಇದೆ, ಆದರೆ ಆಟ ಬಯಸುವ ಆವೃತ್ತಿಯ ಗುರುತು ಅದರಲ್ಲಿ ಇಲ್ಲ. ‘ಅನ್‌ಡಿಫೈನ್ಡ್ ಸಿಂಬಲ್’ ಎಂದಿದ್ದರೆ ಹೆಸರು ಸರಿಯಾಗಿದ್ದರೂ ಒಳಗಿರಬೇಕಾದ ಒಂದು ಫಂಕ್ಷನ್ ಇಲ್ಲ; ಹೊಂದಿಕೆಯಾಗದ ಎರಡು ಲೈಬ್ರರಿಗಳು ಒಟ್ಟಿಗೆ ಸೇರಿಕೊಂಡಾಗ ಹೀಗಾಗುವುದು ಹೆಚ್ಚು.

ಲೈಬ್ರರಿಯ ಹೆಸರಿಗೂ ಒಂದು ರಚನೆಯಿದೆ. ‘ಲಿಬ್‌ಓಪನ್‌ಎಎಲ್.ಎಸ್‌ಒ.1’ ಎಂಬಲ್ಲಿ ‘ಲಿಬ್’ ಎಂಬುದು ಲೈಬ್ರರಿ ಎಂಬ ಗುರುತು, ‘ಓಪನ್‌ಎಎಲ್’ ಅದರ ಹೆಸರು, ‘ಎಸ್‌ಒ’ ಎಂಬುದು ಹಂಚಿಕೊಳ್ಳುವ ಲೈಬ್ರರಿ ಎಂಬ ಸೂಚನೆ. ಕೊನೆಯ 1 ಮಾತ್ರ ಅಲಂಕಾರಕ್ಕೆ ಇರುವುದಲ್ಲ. ಲೈಬ್ರರಿಯ ಹೊರಗಿನ ಸಂಪರ್ಕ ರೂಪ ಹಳೆಯದಕ್ಕೆ ಹೊಂದದಂತೆ ಬದಲಾದಾಗ ಅದನ್ನು ಬರೆಯುವವರು ಈ ಸಂಖ್ಯೆಯನ್ನು ಏರಿಸುತ್ತಾರೆ. 5 ಬೇಕೆಂದು ಕೇಳುವ ಆಟಕ್ಕೆ 6 ಇರುವ ಲೈಬ್ರರಿಯನ್ನು ಕೊಟ್ಟರೆ, ಹೊಸದೇ ಆದರೂ ಅದು ಬೇರೆಯದೇ ವಸ್ತು.

ಪ್ರಶ್ನೆ: ಒಂದು ಲೈಬ್ರರಿ ಹಾಕಿದರೆ ಇನ್ನೊಂದು ಇಲ್ಲ ಎನ್ನುತ್ತದೆ. ಎಲ್ಲವನ್ನೂ ಒಂದೇ ಸಲ ತಿಳಿಯಬಹುದೇ?

ತಿಳಿಯಬಹುದು. ಲೋಡರ್ ಮೊದಲ ಕೊರತೆಯಲ್ಲೇ ನಿಂತುಬಿಡುವುದರಿಂದ ಒಂದೊಂದೇ ಹೆಸರು ಹೊರಬರುತ್ತದೆ. ‘ಎಲ್‌ಡಿಡಿ’ ಎಂಬ ಕಮಾಂಡ್‌ಗೆ ಆಟದ ಮುಖ್ಯ ಕಡತವನ್ನು ಕೊಟ್ಟರೆ ಅದಕ್ಕೆ ಬೇಕಾದ ಎಲ್ಲ ಲೈಬ್ರರಿಗಳೂ, ಅವು ಸಿಕ್ಕ ಜಾಗಗಳೂ ಒಟ್ಟಿಗೆ ಕಾಣುತ್ತವೆ. ಸಿಗದವುಗಳ ಮುಂದೆ ‘ನಾಟ್ ಫೌಂಡ್’ ಎಂದಿರುತ್ತದೆ. ಹಲವು ಆಟಗಳಲ್ಲಿ ಹೊರಗೆ ಕಾಣುವುದು ಒಂದು ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಬರೆದಿಟ್ಟ ಪಠ್ಯ ಕಡತ) ಮಾತ್ರ. ಅದನ್ನು ಎಲ್‌ಡಿಡಿಗೆ ಕೊಟ್ಟರೆ ಪ್ರಯೋಜನವಿಲ್ಲ. ಸ್ಕ್ರಿಪ್ಟ್ ತೆರೆದು ನೋಡಿ, ಅದು ಕೊನೆಗೆ ಯಾವ ಕಡತವನ್ನು ಚಲಾಯಿಸುತ್ತದೆಯೋ ಅದನ್ನು ಕೊಡಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಲ್‌ಡಿಡಿ ಕೆಲವು ಸಂದರ್ಭಗಳಲ್ಲಿ ಆ ಕಡತದ ಕೋಡ್ ಚಲಿಸುವುದಕ್ಕೂ ಅವಕಾಶ ಕೊಡಬಹುದು. ಆದ್ದರಿಂದ ನಂಬಿಕೆಯಿಲ್ಲದ ಜಾಗದಿಂದ ಬಂದ ಕಡತದ ಮೇಲೆ ಅದನ್ನು ಬಳಸಬಾರದು. ಅಂಥಲ್ಲಿ ‘ಆಬ್ಜ್‌ಡಂಪ್ -ಪಿ’ ಅಥವಾ ‘ರೀಡ್‌ಎಲ್ಫ್ -ಡಿ’ ಬಳಸಿ, ‘ನೀಡೆಡ್’ ಎಂದು ಗುರುತಾದ ಸಾಲುಗಳನ್ನು ಓದಬೇಕು. ಇವು ಕಡತವನ್ನು ಓದುತ್ತವೆಯೇ ಹೊರತು ಚಲಾಯಿಸುವುದಿಲ್ಲ.

ಎಲ್‌ಡಿಡಿಯ ಪಟ್ಟಿಯಲ್ಲಿ ಎಲ್ಲವೂ ಸರಿಯಾಗಿದ್ದರೂ ಆಟ ನಿಂತುಹೋಗುವ ಸಂದರ್ಭಗಳಿವೆ. ಕೆಲವು ಆಟಗಳು ಲೈಬ್ರರಿಗಳನ್ನು ಆರಂಭದಲ್ಲೇ ಕೇಳದೆ, ಚಲಿಸುತ್ತಿರುವಾಗ ಬೇಕಾದ ಕ್ಷಣದಲ್ಲಿ ‘ಡಿಎಲ್‌ಓಪನ್’ ಮೂಲಕ ತೆರೆಯುತ್ತವೆ. ಇವು ಪಟ್ಟಿಯಲ್ಲಿ ಕಾಣುವುದಿಲ್ಲ. ಆಗ ‘ಎಲ್‌ಡಿ_ಡೀಬಗ್’ ಎಂಬ ಪರಿಸರ ಚರಕ್ಕೆ (ತಂತ್ರಾಂಶಕ್ಕೆ ಹೊರಗಿನಿಂದ ಕೊಡುವ ಸೂಚನೆಯ ಹೆಸರು) ‘ಲಿಬ್ಸ್’ ಎಂಬ ಬೆಲೆ ಕೊಟ್ಟು ಆಟವನ್ನು ಚಲಾಯಿಸಿದರೆ, ಲೋಡರ್ ಯಾವ ಹೆಸರನ್ನು ಯಾವ ಯಾವ ಫೋಲ್ಡರ್‌ನಲ್ಲಿ ಹುಡುಕಿತು ಎಂಬುದೆಲ್ಲ ಸಾಲುಸಾಲಾಗಿ ಬರುತ್ತದೆ. ಬರುವ ಸಾಲುಗಳು ವಿಪರೀತ ಹೆಚ್ಚಿರುವುದರಿಂದ ಅದನ್ನು ಒಂದು ಕಡತಕ್ಕೆ ಉಳಿಸಿ, ಕೊನೆಯ ಭಾಗವನ್ನು ಮೊದಲು ಓದಿ.

ಪ್ರಶ್ನೆ: ಲೈಬ್ರರಿಯ ಹೆಸರು ಗೊತ್ತಾಯಿತು. ಅದು ಯಾವ ಪ್ಯಾಕೇಜ್‌ನಲ್ಲಿದೆ ಎಂದು ಹುಡುಕುವುದು ಹೇಗೆ?

ಪ್ಯಾಕೇಜ್ ಎಂದರೆ ಇನ್‌ಸ್ಟಾಲ್ ಮಾಡಲು ಸಿದ್ಧವಾದ ಕಡತಗಳ ಕಟ್ಟು; ವಿತರಣೆ ಎಂದರೆ ಉಬುಂಟು, ಫೆಡೋರಾಗಳಂಥ ಲಿನಕ್ಸ್‌ನ ಒಂದೊಂದು ರೂಪ. ಪ್ರತಿ ವಿತರಣೆಯಲ್ಲೂ ಇದಕ್ಕೆಂದೇ ಸಾಧನವಿದೆ. ಡೆಬಿಯನ್, ಉಬುಂಟು, ಮಿಂಟ್‌ಗಳಲ್ಲಿ ‘ಆಪ್ಟ್-ಫೈಲ್’ ಎಂಬ ಪ್ಯಾಕೇಜ್ ಹಾಕಿಕೊಂಡು, ‘ಆಪ್ಟ್-ಫೈಲ್ ಅಪ್‌ಡೇಟ್’ ಮಾಡಿ, ಬಳಿಕ ‘ಆಪ್ಟ್-ಫೈಲ್ ಸರ್ಚ್’ ಜೊತೆಗೆ ಕಡತದ ಹೆಸರು ಕೊಡಬೇಕು. ಫೆಡೋರಾದಲ್ಲಿ ‘ಡಿಎನ್‌ಎಫ್ ಪ್ರೊವೈಡ್ಸ್’, ಆರ್ಚ್‌ನಲ್ಲಿ ‘ಪ್ಯಾಕ್‌ಮನ್ -ಎಫ್’ (ಎಫ್ ದೊಡ್ಡಕ್ಷರ), ಓಪನ್‌ಸೂಸೆಯಲ್ಲಿ ‘ಜಿಪ್ಪರ್ ಸರ್ಚ್ --ಪ್ರೊವೈಡ್ಸ್’ ಇದೇ ಕೆಲಸ ಮಾಡುತ್ತವೆ.

ಡೆಬಿಯನ್ ಕುಟುಂಬದಲ್ಲಿ ಪ್ಯಾಕೇಜ್‌ನ ಹೆಸರನ್ನು ಊಹಿಸುವುದೂ ಕಷ್ಟವಲ್ಲ, ಏಕೆಂದರೆ ಲೈಬ್ರರಿಯ ಹೆಸರಿಗೆ ಕೊನೆಯ ಸಂಖ್ಯೆಯನ್ನು ಸೇರಿಸಿಯೇ ಪ್ಯಾಕೇಜ್‌ಗೆ ಹೆಸರಿಡುತ್ತಾರೆ. ‘ಲಿಬ್‌ವೋರ್ಬಿಸ್‌ಫೈಲ್.ಎಸ್‌ಒ.3’ ಇರುವುದು ‘ಲಿಬ್‌ವೋರ್ಬಿಸ್‌ಫೈಲ್3’ ಎಂಬ ಪ್ಯಾಕೇಜ್‌ನಲ್ಲಿ. ಅಪವಾದಗಳೂ ಇವೆ: ‘ಲಿಬ್‌ಜಿಎಲ್‌ಯು.ಎಸ್‌ಒ.1’ ಬೇಕಾದರೆ ಹಾಕಬೇಕಾದದ್ದು ‘ಲಿಬ್‌ಜಿಎಲ್‌ಯು1-ಮೆಸಾ’.

ಉಬುಂಟು 24.04 ಮತ್ತು ಡೆಬಿಯನ್ 13ರಿಂದ ಈಚೆಗೆ ಹಲವು ಲೈಬ್ರರಿ ಪ್ಯಾಕೇಜ್‌ಗಳ ಹೆಸರಿನ ಕೊನೆಗೆ ‘ಟಿ64’ ಸೇರಿದೆ. 32-ಬಿಟ್ ವ್ಯವಸ್ಥೆಗಳಲ್ಲಿ ಸಮಯವನ್ನು ಎಣಿಸುವ ಸಂಖ್ಯೆ 2038ರಲ್ಲಿ ತುಂಬಿಹೋಗುವ ತೊಂದರೆಯನ್ನು ನಿವಾರಿಸಲು ಮಾಡಿದ ಬದಲಾವಣೆಯ ಗುರುತು ಇದು. ಹಳೆಯ ಸೂಚನೆಗಳನ್ನು ನೋಡಿ ‘ಲಿಬ್‌ಎಸೌಂಡ್2’ ಹಾಕಲು ಹೋದವರಿಗೆ ಅಂಥ ಪ್ಯಾಕೇಜ್ ಸಿಗದಿದ್ದರೆ ‘ಲಿಬ್‌ಎಸೌಂಡ್2ಟಿ64’ ಎಂದು ಹುಡುಕಬೇಕು. ಸಾಮಾನ್ಯ 64-ಬಿಟ್ ಕಂಪ್ಯೂಟರ್‌ನಲ್ಲಿ ಒಳಗಿರುವ ಲೈಬ್ರರಿಯ ಹೆಸರು ಬದಲಾಗಿಲ್ಲ. ಆಟಕ್ಕೆ ಬೇಕಾದದ್ದು ಅದರಲ್ಲೇ ಇದೆ.

ಪ್ರಶ್ನೆ: ಲೈಬ್ರರಿ ಈಗಾಗಲೇ ಇದೆ ಎಂದು ಪ್ಯಾಕೇಜ್ ಮ್ಯಾನೇಜರ್ ಹೇಳುತ್ತದೆ, ಆಟ ಮಾತ್ರ ಇಲ್ಲ ಎನ್ನುತ್ತದೆ. ಯಾರು ಹೇಳುವುದು ಸರಿ?

ಇಬ್ಬರೂ ಸರಿ. ನಿಮ್ಮಲ್ಲಿರುವುದು 64-ಬಿಟ್ ಪ್ರತಿ, ಆಟ ಕೇಳುತ್ತಿರುವುದು 32-ಬಿಟ್ ಪ್ರತಿ. ಹಳೆಯ ಆಟಗಳ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಎದುರಾಗುವ ಕಾರಣ ಇದೇ ಆದ್ದರಿಂದ, ಬೇರೆ ಏನನ್ನೂ ಮಾಡುವ ಮುನ್ನ ‘ಫೈಲ್’ ಎಂಬ ಕಮಾಂಡ್‌ಗೆ ಆಟದ ಕಡತವನ್ನು ಕೊಟ್ಟು, ಅದು 32-ಬಿಟ್‌ನದೋ 64-ಬಿಟ್‌ನದೋ ಎಂದು ನೋಡಿಕೊಳ್ಳುವ ಅಭ್ಯಾಸ ಒಳ್ಳೆಯದು. 32-ಬಿಟ್ ತಂತ್ರಾಂಶಕ್ಕೆ 64-ಬಿಟ್ ಲೈಬ್ರರಿಯನ್ನು ಬಳಸಲು ಯಾವ ದಾರಿಯೂ ಇಲ್ಲ. ಒಂದೇ ಪ್ರಕ್ರಿಯೆಯೊಳಗೆ ಅವೆರಡೂ ಬೆರೆಯುವುದಿಲ್ಲ. ಹಾಗೆಂದು ಕಂಪ್ಯೂಟರ್‌ನಲ್ಲಿ ಎರಡೂ ಬಗೆಯ ಪ್ರತಿಗಳು ಅಕ್ಕಪಕ್ಕದಲ್ಲಿರಲು ಅಡ್ಡಿಯಿಲ್ಲ.

ಡೆಬಿಯನ್ ಕುಟುಂಬದಲ್ಲಿ ‘ಡಿಪಿಕೆಜಿ --ಆಡ್-ಆರ್ಕಿಟೆಕ್ಚರ್ ಐ386’ ಎಂಬ ಕಮಾಂಡ್ ಅನ್ನು ನಿರ್ವಾಹಕ ಹಕ್ಕಿನಿಂದ ಒಮ್ಮೆ ಚಲಾಯಿಸಿ, ‘ಆಪ್ಟ್ ಅಪ್‌ಡೇಟ್’ ಮಾಡಿ, ಆಮೇಲೆ ಪ್ಯಾಕೇಜ್‌ನ ಹೆಸರಿನ ಕೊನೆಗೆ ‘:ಐ386’ ಸೇರಿಸಿ ಹಾಕಬೇಕು. ಈ ಬಹು-ಆರ್ಕಿಟೆಕ್ಚರ್ ವ್ಯವಸ್ಥೆ ಡೆಬಿಯನ್‌ಗೆ 2013ರ ಆವೃತ್ತಿ 7ರಲ್ಲಿ ಬಂತು. ಅದಕ್ಕೂ ಹಿಂದಿನ ‘ಐಎ32-ಲಿಬ್ಸ್’ ಎಂಬ ಪ್ಯಾಕೇಜ್ ಹಾಕಿ ಎಂದು ಹೇಳುವ ಸೂಚನೆ ನಿಮ್ಮ ಕಣ್ಣಿಗೆ ಬಿದ್ದರೆ ಅದು ಬಹಳ ಹಳೆಯದೆಂದು ತಿಳಿದು ಬಿಟ್ಟುಬಿಡಿ. ಫೆಡೋರಾದಲ್ಲಿ ಪ್ಯಾಕೇಜ್‌ನ ಹೆಸರಿಗೆ ‘.ಐ686’ ಸೇರಿಸಬೇಕು. ಆರ್ಚ್‌ನಲ್ಲಿ ‘ಪ್ಯಾಕ್‌ಮನ್.ಕಾನ್ಫ್’ ಕಡತದಲ್ಲಿರುವ ‘ಮಲ್ಟಿಲಿಬ್’ ಭಾಗವನ್ನು ಸಕ್ರಿಯಗೊಳಿಸಿ, ‘ಲಿಬ್32-’ ಎಂದು ಆರಂಭವಾಗುವ ಪ್ಯಾಕೇಜ್‌ಗಳನ್ನು ಹಾಕಬೇಕು. ಓಪನ್‌ಸೂಸೆಯಲ್ಲಿ ಅವುಗಳ ಹೆಸರು ‘-32ಬಿಟ್’ ಎಂದು ಕೊನೆಗೊಳ್ಳುತ್ತದೆ.

2019ರ ಜೂನ್‌ನಲ್ಲಿ ಉಬುಂಟು ತನ್ನ 19.10ರಿಂದ 32-ಬಿಟ್ ಪ್ಯಾಕೇಜ್‌ಗಳನ್ನು ಕೈಬಿಡುವುದಾಗಿ ಘೋಷಿಸಿತ್ತು. ಸ್ಟೀಮ್ ಆಟದಂಗಡಿಯ ವಾಲ್ವ್ ಕಂಪನಿಯಿಂದ ಮತ್ತು ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಯೋಜನೆಯವರಿಂದ ಬಲವಾದ ಆಕ್ಷೇಪ ಬಂದ ಮೇಲೆ, ಆಯ್ದ 32-ಬಿಟ್ ಪ್ಯಾಕೇಜ್‌ಗಳನ್ನು ಉಳಿಸಿಕೊಳ್ಳಲು ಒಪ್ಪಿತು. ಹೀಗಾಗಿ ಉಬುಂಟುವಿನಲ್ಲಿ ಇಂದು ಸಾಮಾನ್ಯವಾಗಿ ಬೇಕಾಗುವ 32-ಬಿಟ್ ಲೈಬ್ರರಿಗಳು ಸಿಗುತ್ತವೆ, ಅಪರೂಪದ ಕೆಲವು ಸಿಗದಿರಬಹುದು. ಆಟಗಳ ಪರಂಪರೆಯನ್ನು ಉಳಿಸಿಕೊಳ್ಳುವ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ ಆಗಿತ್ತು. ಅಂದಿನ ಅನೇಕ ಆಟಗಳ 64-ಬಿಟ್ ರೂಪ ಇನ್ನು ಮುಂದೆ ಬರುವುದಿಲ್ಲ.

ಪ್ರಶ್ನೆ: ಆಟದ ಕಡತ ಕಣ್ಣೆದುರಿಗೇ ಇದೆ. ಆದರೂ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದು ಬರುತ್ತದೆ.

ಸಿಗದಿರುವುದು ಆಟವಲ್ಲ, ಅದನ್ನು ಮೆಮೊರಿಗೆ ತರಬೇಕಾದ ಲೋಡರ್. 32-ಬಿಟ್ ಆಟಗಳು ‘/ಲಿಬ್/ಎಲ್‌ಡಿ-ಲಿನಕ್ಸ್.ಎಸ್‌ಒ.2’ ಎಂಬ ಲೋಡರ್ ಅನ್ನು ಹೆಸರಿಸುತ್ತವೆ, ಮತ್ತು 32-ಬಿಟ್ ಬೆಂಬಲವೇ ಇಲ್ಲದ ವ್ಯವಸ್ಥೆಯಲ್ಲಿ ಆ ಕಡತ ಇರುವುದಿಲ್ಲ. ಸಂದೇಶದಲ್ಲಿ ಲೋಡರ್‌ನ ಬದಲು ಆಟದ ಹೆಸರೇ ಬರುವುದರಿಂದ ಗೊಂದಲವಾಗುತ್ತದೆ. ಡೆಬಿಯನ್ ಕುಟುಂಬದಲ್ಲಿ ‘ಲಿಬ್‌ಸಿ6:ಐ386’, ಫೆಡೋರಾದಲ್ಲಿ ‘ಜಿಲಿಬ್‌ಸಿ.ಐ686’, ಆರ್ಚ್‌ನಲ್ಲಿ ‘ಲಿಬ್32-ಜಿಲಿಬ್‌ಸಿ’ ಹಾಕಿದರೆ ಈ ಸಂದೇಶ ಹೋಗಿ, ನಿಜವಾಗಿ ಇಲ್ಲದ ಲೈಬ್ರರಿಗಳ ಹೆಸರುಗಳು ಕಾಣಲು ಆರಂಭವಾಗುತ್ತವೆ.

‘ಪರ್ಮಿಷನ್ ಡಿನೈಡ್’ ಎಂದು ಬಂದರೆ ಅದಕ್ಕೂ ಲೈಬ್ರರಿಗೂ ಸಾಮಾನ್ಯವಾಗಿ ಸಂಬಂಧವಿಲ್ಲ. ‘ಸಿಎಚ್‌ಮಾಡ್ +ಎಕ್ಸ್’ ಮೂಲಕ ಕಡತಕ್ಕೆ ಚಲಾಯಿಸುವ ಅನುಮತಿ ಕೊಡಿ.

ಪ್ರಶ್ನೆ: ‘ಜಿಲಿಬ್‌ಸಿ_2.34 ನಾಟ್ ಫೌಂಡ್’ ಎಂದು ಬರುತ್ತಿದೆ. ಹೊಸ ಜಿಲಿಬ್‌ಸಿಯನ್ನು ತಂದು ಹಾಕಬಹುದೇ?

ದಯವಿಟ್ಟು ಹಾಕಬೇಡಿ. ಈ ಪುಟದಲ್ಲಿ ನೆನಪಿಡಬೇಕಾದ ಮಾತು ಒಂದೇ ಇದ್ದರೆ ಅದು ಇದು. ಜಿಲಿಬ್‌ಸಿ ಎಂಬುದು ಇಡೀ ವ್ಯವಸ್ಥೆಯ ಅಡಿಪಾಯ. ಶೆಲ್, ಪ್ಯಾಕೇಜ್ ಮ್ಯಾನೇಜರ್, ಡೆಸ್ಕ್‌ಟಾಪ್, ಕಡತಗಳನ್ನು ನಕಲು ಮಾಡುವ ಸಣ್ಣ ಕಮಾಂಡ್ ಕೂಡ ಅದರ ಮೇಲೆಯೇ ನಿಂತಿದೆ. ಬೇರೆ ವಿತರಣೆಯಿಂದ ತಂದ ಪ್ರತಿಯನ್ನು ಅದರ ಜಾಗದಲ್ಲಿ ಇಟ್ಟರೆ, ಲೋಡರ್‌ಗೂ ಲೈಬ್ರರಿಗೂ ಹೊಂದಿಕೆ ತಪ್ಪಿ ಆ ಕ್ಷಣದಿಂದಲೇ ಯಾವ ಕಮಾಂಡ್ ಕೂಡ ಚಲಿಸದಿರಬಹುದು. ಆಗ ಹಳೆಯ ಪ್ರತಿಯನ್ನು ವಾಪಸ್ ಇಡಲೂ ಸಾಧ್ಯವಾಗದೆ, ಯುಎಸ್‌ಬಿಯಿಂದ ಬೂಟ್ ಮಾಡಿ ರಿಪೇರಿ ಮಾಡಬೇಕಾಗುತ್ತದೆ.

ಈ ದೋಷದ ಅರ್ಥ ಸರಳ. ಆಟವನ್ನು ನಿಮ್ಮದಕ್ಕಿಂತ ಹೊಸ ವಿತರಣೆಯ ಮೇಲೆ ಕಂಪೈಲ್ ಮಾಡಿದ್ದಾರೆ (ಮೂಲ ಕೋಡ್‌ನಿಂದ ಓಡುವ ರೂಪಕ್ಕೆ ತಂದಿದ್ದಾರೆ). ಜಿಲಿಬ್‌ಸಿ ಹಿಂದಿನದಕ್ಕೆ ಬಹಳ ಎಚ್ಚರಿಕೆಯಿಂದ ಹೊಂದಿಕೊಳ್ಳುತ್ತದೆ, ಹಾಗಾಗಿ ಹಳೆಯದರ ಮೇಲೆ ಕಟ್ಟಿದ ತಂತ್ರಾಂಶ ಹೊಸದರ ಮೇಲೆ ಸಾಮಾನ್ಯವಾಗಿ ಓಡುತ್ತದೆ. ಹೊಸದರ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಓಡುವ ಭರವಸೆ ಇಲ್ಲ. 2.34 ಬಿಡುಗಡೆಯಾದದ್ದು 2021ರ ಆಗಸ್ಟ್‌ನಲ್ಲಿ. ಉಬುಂಟು 20.04 ಮತ್ತು ಡೆಬಿಯನ್ 11ರಲ್ಲಿ ಇರುವುದು 2.31; ಉಬುಂಟು 22.04ರಲ್ಲಿ 2.35, ಡೆಬಿಯನ್ 12ರಲ್ಲಿ 2.36, ಉಬುಂಟು 24.04ರಲ್ಲಿ 2.39. ನಿಮ್ಮಲ್ಲಿರುವುದು ಯಾವುದೆಂದು ‘ಎಲ್‌ಡಿಡಿ --ವರ್ಷನ್’ ಹೇಳುತ್ತದೆ.

ಸರಿಯಾದ ದಾರಿಗಳೆಂದರೆ ವಿತರಣೆಯನ್ನೇ ಹೊಸ ಆವೃತ್ತಿಗೆ ಏರಿಸುವುದು, ಆಟದ ಫ್ಲಾಟ್‌ಪ್ಯಾಕ್ (ಬೇಕಾದ ಲೈಬ್ರರಿಗಳನ್ನೂ ಜೊತೆಗೆ ತರುವ ಕಟ್ಟು) ರೂಪ ಇದ್ದರೆ ಅದನ್ನು ಬಳಸುವುದು, ‘ಡಿಸ್ಟ್ರೋಬಾಕ್ಸ್’ನಂಥ ಸಾಧನದಿಂದ ಹೊಸ ವಿತರಣೆಯ ಕಂಟೇನರ್ (ವ್ಯವಸ್ಥೆಯೊಳಗೇ ಬೇರ್ಪಟ್ಟ ಪರಿಸರ) ಮಾಡಿಕೊಂಡು ಅದರೊಳಗೆ ಆಟವನ್ನು ಓಡಿಸುವುದು, ಅಥವಾ ಮೂಲ ಕೋಡ್ ಲಭ್ಯವಿದ್ದರೆ ನಿಮ್ಮ ಕಂಪ್ಯೂಟರ್‌ನಲ್ಲೇ ಕಂಪೈಲ್ ಮಾಡಿಕೊಳ್ಳುವುದು. ಇವುಗಳಲ್ಲಿ ಮೊದಲನೆಯದೇ ಬಹುಮಟ್ಟಿಗೆ ಉತ್ತಮ.

ಪ್ರಶ್ನೆ: ನನ್ನ ವ್ಯವಸ್ಥೆ ಹೊಸದು, ಆಟ ಹಳೆಯದು. ಅದು ಕೇಳುವ ಲೈಬ್ರರಿ ಈಗ ವಿತರಣೆಯ ಯಾವ ಪ್ಯಾಕೇಜ್ ಭಂಡಾರದಲ್ಲೂ ಇಲ್ಲ.

‘ಲಿಬ್‌ಪಿಎನ್‌ಜಿ12.ಎಸ್‌ಒ.0’, ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.0.0’, ‘ಲಿಬ್‌ಯುಡೆವ್.ಎಸ್‌ಒ.0’ ಮುಂತಾದವು ಈ ಗುಂಪಿಗೆ ಸೇರಿದವು. ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ನೋಡಬೇಕು, ಏಕೆಂದರೆ ಎಲ್ಲಕ್ಕೂ ಒಂದೇ ಮದ್ದಿಲ್ಲ.

ಎಸ್‌ಡಿಎಲ್ ವಿಷಯದಲ್ಲಿ ಪರಿಸ್ಥಿತಿ ಸಂತೋಷಕರ. ಎಸ್‌ಡಿಎಲ್ 1.2 ಬೇಕೆನ್ನುವ ಹಳೆಯ ಆಟಗಳಿಗಾಗಿ ಅದರ ಅಭಿವೃದ್ಧಿಕಾರರೇ ‘ಎಸ್‌ಡಿಎಲ್12-ಕಂಪ್ಯಾಟ್’ ಬರೆದಿದ್ದಾರೆ. ಅದು ಹಳೆಯ ಹೆಸರಿನಲ್ಲೇ ಆಟಕ್ಕೆ ಕಾಣಿಸಿಕೊಂಡು, ಕೆಲಸವನ್ನು ಎಸ್‌ಡಿಎಲ್ 2ರಿಂದ ಮಾಡಿಸುತ್ತದೆ. ಅದೇ ರೀತಿ ಎಸ್‌ಡಿಎಲ್ 2ರ ಆಟಗಳನ್ನು ಎಸ್‌ಡಿಎಲ್ 3ರ ಮೇಲೆ ನಡೆಸಲು ‘ಎಸ್‌ಡಿಎಲ್2-ಕಂಪ್ಯಾಟ್’ ಇದೆ. ಹೊಂದಿಕೆಯ ಹೊಣೆಯನ್ನು ಬಳಕೆದಾರರ ತಲೆಗೆ ಕಟ್ಟದೆ ಲೈಬ್ರರಿ ಬರೆದವರೇ ಹೊತ್ತುಕೊಂಡ ಈ ರೀತಿ ನಿಜಕ್ಕೂ ಅನುಕರಣೀಯ.

ಓಪನ್‌ಎಸ್‌ಎಸ್‌ಎಲ್ ವಿಷಯ ಹಾಗಲ್ಲ. ಅದು ಗೂಢಲಿಪಿಯ ಲೈಬ್ರರಿ, 1.1.1ರ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್‌ನಲ್ಲಿ ಮುಗಿದಿದೆ, 1.0ರದು ಅದಕ್ಕೂ ಎಷ್ಟೋ ಮೊದಲು. ಹಳೆಯ ಪ್ರತಿಯನ್ನು ಇಡೀ ವ್ಯವಸ್ಥೆಗೆ ಸಿಗುವಂತೆ ಹಾಕುವುದೆಂದರೆ, ಗೊತ್ತಿರುವ ಭದ್ರತಾ ರಂಧ್ರಗಳನ್ನು ಮನೆಗೆ ಕರೆತಂದಂತೆ. ಬೇಕೇ ಬೇಕಾದರೆ ಆಯಾ ವಿತರಣೆಯ ಅಧಿಕೃತ ಹಳೆಯ ಸಂಗ್ರಹದಿಂದ ಪ್ಯಾಕೇಜ್ ಪಡೆದು, ಇನ್‌ಸ್ಟಾಲ್ ಮಾಡದೆ ಬಿಚ್ಚಿ, ಬೇಕಾದ ಒಂದು ಕಡತವನ್ನು ಮಾತ್ರ ಆಟದ ಫೋಲ್ಡರ್‌ನೊಳಗೆ ಇಡಿ. ಬಳಿಕ ‘ಎಲ್‌ಡಿ_ಲೈಬ್ರರಿ_ಪಾತ್’ ಎಂಬ ಚರಕ್ಕೆ ಆ ಫೋಲ್ಡರ್‌ನ ವಿಳಾಸ ಕೊಟ್ಟು, ಆ ಆಟವನ್ನು ಮಾತ್ರ ಅದರೊಂದಿಗೆ ಚಲಾಯಿಸಿ. ಇಂಟರ್ನೆಟ್ ಸಂಪರ್ಕ ಬೇಕಾಗುವ ಆಟವಾದರೆ ಇದನ್ನೂ ಮಾಡದಿರುವುದೇ ಲೇಸು.

ಪ್ರಶ್ನೆ: ‘ಎಲ್‌ಡಿ_ಲೈಬ್ರರಿ_ಪಾತ್’ ಚರವನ್ನು ‘ಬ್ಯಾಷ್‌ಆರ್‌ಸಿ’ ಕಡತದಲ್ಲಿ (ಟರ್ಮಿನಲ್ ತೆರೆದಾಗಲೆಲ್ಲ ಶೆಲ್ ಓದುವ ಕಡತ) ಶಾಶ್ವತವಾಗಿ ಬರೆದಿಡಬಹುದೇ?

ಬೇಡ. ಹಾಗೆ ಬರೆದರೆ ಆ ಟರ್ಮಿನಲ್‌ನಿಂದ ಹೊರಡುವ ಪ್ರತಿ ತಂತ್ರಾಂಶವೂ ಮೊದಲು ಆ ಫೋಲ್ಡರ್‌ನಲ್ಲಿ ಹುಡುಕುತ್ತದೆ, ಮತ್ತು ಆಟಕ್ಕಾಗಿ ಇಟ್ಟ ಹಳೆಯ ಲೈಬ್ರರಿ ಬೇರೆಯವುಗಳನ್ನು ಕೆಡಿಸುತ್ತದೆ. ಎರಡು ಸಾಲಿನ ಸ್ಕ್ರಿಪ್ಟ್ ಬರೆದು, ಅದರಲ್ಲಿ ಚರದ ಬೆಲೆಯನ್ನೂ ಆಟದ ಹೆಸರನ್ನೂ ಇಟ್ಟರೆ ಪ್ರಭಾವ ಆ ಆಟಕ್ಕೆ ಸೀಮಿತವಾಗಿರುತ್ತದೆ.

ಪ್ರಶ್ನೆ: ಹೊಸ ಲೈಬ್ರರಿಗೆ ಹಳೆಯ ಹೆಸರಿನಲ್ಲಿ ಲಿಂಕ್ ಮಾಡಿದರೆ ಸಾಕು ಎನ್ನುತ್ತಾರಲ್ಲ?

‘ಎಲ್‌ಎನ್ -ಎಸ್’ ಬಳಸಿ, ಉದಾಹರಣೆಗೆ ಓಪನ್‌ಎಸ್‌ಎಸ್‌ಎಲ್‌ನ 1.1ನ್ನೇ 1.0.0 ಎಂದು ತೋರಿಸುವ ಸಲಹೆ ಬಹಳ ಕಡೆ ಕಾಣುತ್ತದೆ. ಲೋಡರ್ ಹೆಸರನ್ನು ನೋಡಿ ತೃಪ್ತವಾಗುವುದರಿಂದ ಮೊದಲ ದೋಷ ಮಾಯವಾಗುವುದು ನಿಜ. ಆದರೆ ಸಂಖ್ಯೆ ಬದಲಾದದ್ದೇ ಒಳಗಿನ ರಚನೆ ಬದಲಾಗಿದೆ ಎಂದು ತಿಳಿಸಲು. ಆಟ ಮೆಮೊರಿಯಲ್ಲಿ ಒಂದು ಜಾಗದಲ್ಲಿ ಒಂದು ಮಾಹಿತಿ ಇದೆಯೆಂದು ನಂಬಿ ಓದುತ್ತದೆ, ಹೊಸ ಲೈಬ್ರರಿಯಲ್ಲಿ ಅಲ್ಲಿ ಬೇರೇನೋ ಇರುತ್ತದೆ. ಆರಂಭದಲ್ಲೇ ನಿಲ್ಲುತ್ತಿದ್ದ ಆಟ ಮಧ್ಯದಲ್ಲೆಲ್ಲೋ ನಿಲ್ಲುತ್ತದೆ, ಅಥವಾ ಉಳಿಸಿಟ್ಟ ಪ್ರಗತಿಯನ್ನು ಹಾಳುಮಾಡುತ್ತದೆ. ಆಗ ಕಾರಣವನ್ನು ಹುಡುಕುವುದು ಮೊದಲಿಗಿಂತ ಕಷ್ಟ. ವ್ಯವಸ್ಥೆಯ ಫೋಲ್ಡರ್‌ನಲ್ಲಿ ಇಂಥ ಲಿಂಕ್ ಇಟ್ಟರೆ ಅದನ್ನು ಪ್ಯಾಕೇಜ್ ಮ್ಯಾನೇಜರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ವರ್ಷಗಳ ನಂತರವೂ ಅದು ಅಲ್ಲೇ ಉಳಿದಿರುತ್ತದೆ.

ಯಾವುದೋ ಜಾಲತಾಣದಿಂದ ಬಿಡಿ ‘.ಎಸ್‌ಒ’ ಕಡತವನ್ನು ಇಳಿಸಿಕೊಳ್ಳುವುದು ಇದಕ್ಕಿಂತಲೂ ಅಪಾಯಕಾರಿ. ಲೈಬ್ರರಿಯೊಳಗಿನ ಕೋಡ್ ನಿಮ್ಮ ಖಾತೆಯ ಎಲ್ಲ ಹಕ್ಕುಗಳೊಂದಿಗೆ ಚಲಿಸುತ್ತದೆ.

ಪ್ರಶ್ನೆ: ಆಟದ ಜೊತೆಗೇ ಲೈಬ್ರರಿಗಳು ಬಂದಿವೆ. ಆದರೂ ‘ಲಿಬ್‌ಜಿಎಲ್ ಎರರ್’ ಎಂದು ಗ್ರಾಫಿಕ್ಸ್ ಡ್ರೈವರ್ ಲೋಡ್ ಆಗುವುದಿಲ್ಲ.

ಇದು ಆಸಕ್ತಿಕರ ಪ್ರಕರಣ, ಏಕೆಂದರೆ ಇಲ್ಲಿ ತೊಂದರೆ ಲೈಬ್ರರಿ ಇಲ್ಲದ್ದರಿಂದಲ್ಲ, ಇರುವುದರಿಂದ. ಆಟದ ಫೋಲ್ಡರ್‌ನಲ್ಲಿ ‘ಲಿಬ್‌ಎಸ್‌ಟಿಡಿಸಿ++.ಎಸ್‌ಒ.6’ ಎಂಬ ಹಳೆಯ ಪ್ರತಿ ಇರುತ್ತದೆ ಮತ್ತು ಆಟ ಅದನ್ನೇ ಮೊದಲು ಲೋಡ್ ಮಾಡುತ್ತದೆ. ಆಮೇಲೆ ನಿಮ್ಮ ವ್ಯವಸ್ಥೆಯ ಮೆಸಾ ಗ್ರಾಫಿಕ್ಸ್ ಡ್ರೈವರ್ ಬರುತ್ತದೆ. ಅದನ್ನು ಹೊಸ ಕಂಪೈಲರ್‌ನಿಂದ ಕಟ್ಟಿರುವುದರಿಂದ ಅದಕ್ಕೆ ಹೊಸ ಲಿಬ್‌ಎಸ್‌ಟಿಡಿಸಿ++ ಬೇಕು. ಒಂದು ಪ್ರಕ್ರಿಯೆಯಲ್ಲಿ ಆ ಹೆಸರಿನ ಲೈಬ್ರರಿ ಈಗಾಗಲೇ ಬಂದುಬಿಟ್ಟಿದೆ. ಡ್ರೈವರ್ ಅದರಲ್ಲಿ ‘ಜಿಲಿಬ್‌ಸಿಎಕ್ಸ್‌ಎಕ್ಸ್_3.4.30’ರಂಥ ಗುರುತನ್ನು ಹುಡುಕಿ, ಸಿಗದೆ, ಲೋಡ್ ಆಗಲು ನಿರಾಕರಿಸುತ್ತದೆ. ಪರದೆಯ ಮೇಲೆ ಕಾಣುವುದು ಮಾತ್ರ ‘ರೇಡಿಯಾನ್‌ಎಸ್‌ಐ’ ಅಥವಾ ‘ಎಸ್‌ಡಬ್ಲ್ಯುರಾಸ್ಟ್’ ಡ್ರೈವರ್ ವಿಫಲವಾಯಿತು ಎಂಬ ಸಂದೇಶ, ಮತ್ತು ಬಳಕೆದಾರರು ಡ್ರೈವರ್ ಅನ್ನೇ ಮರಳಿ ಮರಳಿ ಹಾಕಿ ದಣಿಯುತ್ತಾರೆ.

ಪರಿಹಾರ ಸುಲಭ: ಆಟದ ಫೋಲ್ಡರ್‌ನಲ್ಲಿರುವ ಲಿಬ್‌ಎಸ್‌ಟಿಡಿಸಿ++ ಕಡತದ ಹೆಸರನ್ನು ಬದಲಿಸಿ. ಜೊತೆಯಲ್ಲಿ ‘ಲಿಬ್‌ಜಿಸಿಸಿ_ಎಸ್.ಎಸ್‌ಒ.1’ ಇದ್ದರೆ ಅದನ್ನೂ ಹಾಗೇ ಮಾಡಿ. ಆಗ ಆಟ ವ್ಯವಸ್ಥೆಯ ಹೊಸ ಪ್ರತಿಯನ್ನು ಬಳಸುತ್ತದೆ. ಈ ಲೈಬ್ರರಿಯ ಹೊಸ ಪ್ರತಿಗಳು ಹಳೆಯ ತಂತ್ರಾಂಶಗಳಿಗೆ ಹೊಂದುವಂತೆಯೇ ಇರುವುದರಿಂದ ಇದು ಸುರಕ್ಷಿತ. ಅಳಿಸುವ ಬದಲು ಹೆಸರು ಬದಲಿಸಿದರೆ, ಬೇಡವೆನಿಸಿದಾಗ ಹಿಂದಿನ ಸ್ಥಿತಿಗೆ ಬರಬಹುದು.

ಆಟ 32-ಬಿಟ್ ಆಗಿದ್ದರೆ ಇನ್ನೊಂದು ಸಾಧ್ಯತೆಯೂ ಇದೆ: ಗ್ರಾಫಿಕ್ಸ್ ಡ್ರೈವರ್‌ನ 32-ಬಿಟ್ ಭಾಗವೇ ಇಲ್ಲದಿರುವುದು. ಎನ್‌ವಿಡಿಯಾ ಡ್ರೈವರ್ ಬಳಸುವವರು 32-ಬಿಟ್ ಭಾಗ ಮತ್ತು ಮುಖ್ಯ ಡ್ರೈವರ್ ಒಂದೇ ಆವೃತ್ತಿಯವು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಪ್ರಶ್ನೆ: ಸ್ಟೀಮ್ ಮೂಲಕ ಆಡಿದರೆ ಈ ತೊಂದರೆಗಳು ಇರುವುದಿಲ್ಲವೇ?

ಬಹಳ ಕಡಿಮೆ. ಸ್ಟೀಮ್ ತನ್ನದೇ ಲೈಬ್ರರಿಗಳ ಕಟ್ಟನ್ನು ಜೊತೆಗೆ ತರುತ್ತದೆ. ಅದರ ಮೊದಲ ರೂಪವಾದ ‘ಸ್ಕೌಟ್’ ಉಬುಂಟು 12.04ನ್ನು ಆಧರಿಸಿದ್ದು, ನಂತರದ ‘ಸೋಲ್ಜರ್’ ಡೆಬಿಯನ್ 10ನ್ನೂ ‘ಸ್ನೈಪರ್’ ಡೆಬಿಯನ್ 11ನ್ನೂ ಆಧರಿಸಿವೆ. ಹೊಸ ರೂಪಗಳಲ್ಲಿ ಆಟ ಒಂದು ಕಂಟೇನರ್‌ನೊಳಗೆ ಓಡುತ್ತದೆ, ಗ್ರಾಫಿಕ್ಸ್ ಡ್ರೈವರ್ ಮಾತ್ರ ನಿಮ್ಮ ವ್ಯವಸ್ಥೆಯದು. ಫ್ಲಾಟ್‌ಪ್ಯಾಕ್ ಕೂಡ ಇದೇ ತತ್ವದ್ದು. ಡಿಸ್ಕ್‌ನಲ್ಲಿ ಹೆಚ್ಚು ಜಾಗ ಬೇಕಾಗುತ್ತದೆ ಎಂಬ ದೂರು ನಿಜವಾದರೂ, ವ್ಯವಸ್ಥೆಯನ್ನು ಆಟಕ್ಕೆ ತಕ್ಕಂತೆ ಬಗ್ಗಿಸುವುದಕ್ಕಿಂತ ಆಟಕ್ಕೆ ಬೇಕಾದ ಪರಿಸರವನ್ನು ಬೇರೆಯಾಗಿ ಒದಗಿಸುವುದು ಯಾವಾಗಲೂ ಮೇಲು.

ಪ್ರಶ್ನೆ: ‘.ಡೆಬ್’ ಕಡತ ಹಾಕುವಾಗ ‘ಡಿಪೆಂಡೆನ್ಸಿ ಪ್ರಾಬ್ಲಮ್ಸ್’ ಎಂದು ನಿಲ್ಲುತ್ತದೆ.

‘ಡಿಪಿಕೆಜಿ -ಐ’ ಅವಲಂಬನೆಗಳನ್ನು ತಾನಾಗಿ ತರುವುದಿಲ್ಲ. ಅದರ ಬದಲು ‘ಆಪ್ಟ್ ಇನ್‌ಸ್ಟಾಲ್’ ಮುಂದೆ ಚುಕ್ಕೆ, ಓರೆಗೆರೆ ಮತ್ತು ಕಡತದ ಹೆಸರು ಕೊಟ್ಟರೆ ಬೇಕಾದ ಲೈಬ್ರರಿಗಳೂ ಭಂಡಾರದಿಂದ ಬರುತ್ತವೆ. ಈಗಾಗಲೇ ಅರ್ಧಕ್ಕೆ ನಿಂತಿದ್ದರೆ ‘ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಚಲಾಯಿಸಿ. ಅದು ಯಾವುದನ್ನಾದರೂ ತೆಗೆದುಹಾಕುವುದಾಗಿ ತಿಳಿಸಿದರೆ, ಒಪ್ಪಿಗೆ ಕೊಡುವ ಮೊದಲು ಆ ಪಟ್ಟಿಯನ್ನು ಪೂರ್ತಿ ಓದಿ.

ಪ್ರಶ್ನೆ: ಆಪ್‌ಇಮೇಜ್ (ಒಂದೇ ಕಡತದ ರೂಪದಲ್ಲಿ ಬರುವ ತಂತ್ರಾಂಶ) ‘ಲಿಬ್‌ಫ್ಯೂಸ್.ಎಸ್‌ಒ.2’ ಇಲ್ಲ ಎನ್ನುತ್ತದೆ.

ಉಬುಂಟು 22.04ರಿಂದ ಅದು ತಾನಾಗಿ ಬರುವುದಿಲ್ಲ. 22.04ರಲ್ಲಿ ‘ಲಿಬ್‌ಫ್ಯೂಸ್2’, 24.04ರಲ್ಲಿ ‘ಲಿಬ್‌ಫ್ಯೂಸ್2ಟಿ64’ ಹಾಕಿ. ‘ಫ್ಯೂಸ್’ ಎಂಬ ಹೆಸರಿನ ಪ್ಯಾಕೇಜ್ ಬೇರೆ. ಅದನ್ನು ಹಾಕಿದರೆ ಹೊಸ ‘ಫ್ಯೂಸ್3’ ತೆಗೆದುಹೋಗಿ ಡೆಸ್ಕ್‌ಟಾಪ್‌ನ ಭಾಗಗಳೂ ಜೊತೆಗೆ ಹೋಗಬಹುದು.

ಪ್ರಶ್ನೆ: ಮೂಲ ಕೋಡ್‌ನಿಂದ ಆಟವನ್ನು ಕಟ್ಟುತ್ತಿದ್ದೇನೆ. ಎಸ್‌ಡಿಎಲ್ ಹಾಕಿದ್ದರೂ ಅದು ಇಲ್ಲ ಎನ್ನುತ್ತದೆ.

ಓಡಿಸಲು ಬೇಕಾದ ಲೈಬ್ರರಿ ಬೇರೆ, ಕಟ್ಟಲು ಬೇಕಾದ ಹೆಡರ್ ಕಡತಗಳು ಬೇರೆ. ಡೆಬಿಯನ್ ಕುಟುಂಬದಲ್ಲಿ ಹೆಡರ್‌ಗಳು ‘-ಡೆವ್’ ಎಂದೂ ಫೆಡೋರಾ ಮತ್ತು ಓಪನ್‌ಸೂಸೆಗಳಲ್ಲಿ ‘-ಡೆವೆಲ್’ ಎಂದೂ ಕೊನೆಗೊಳ್ಳುವ ಪ್ಯಾಕೇಜ್‌ಗಳಲ್ಲಿರುತ್ತವೆ. ಆರ್ಚ್‌ನಲ್ಲಿ ಈ ಭೇದವಿಲ್ಲ. ಕಟ್ಟಿದ ಲೈಬ್ರರಿಯನ್ನು ‘/ಯುಎಸ್‌ಆರ್/ಲೋಕಲ್/ಲಿಬ್’ನಲ್ಲಿ ಹಾಕಿದ ಮೇಲೂ ಆಟಕ್ಕೆ ಸಿಗದಿದ್ದರೆ, ನಿರ್ವಾಹಕ ಹಕ್ಕಿನಿಂದ ‘ಎಲ್‌ಡಿಕಾನ್ಫಿಗ್’ ಚಲಾಯಿಸಿ. ಲೋಡರ್ ನೋಡುವ ಸಂಗ್ರಹಿತ ಪಟ್ಟಿ ಆಗ ಹೊಸದಾಗುತ್ತದೆ.

ಪ್ರಶ್ನೆ: ವೈನ್‌ನಲ್ಲಿ ವಿಂಡೋಸ್ ಆಟ ಓಡಿಸುವಾಗ ‘ಡಿಎಲ್‌ಎಲ್’ ಇಲ್ಲ ಎಂದು ಬರುತ್ತದೆ. ಅದಕ್ಕೂ ಇದೇ ಪರಿಹಾರವೇ?

ಅಲ್ಲ. ಅವು ವಿಂಡೋಸ್ ಲೈಬ್ರರಿಗಳು, ಆಟದ ವೈನ್ ಪ್ರಿಫಿಕ್ಸ್‌ನೊಳಗೆ (ಆಟಕ್ಕೆ ವಿಂಡೋಸ್ ಡಿಸ್ಕ್‌ನಂತೆ ವೈನ್ ತೋರಿಸುವ ಫೋಲ್ಡರ್) ಇರಬೇಕಾದವು. ‘ವೈನ್‌ಟ್ರಿಕ್ಸ್’ ಮೂಲಕ ಬೇಕಾದ ಡೈರೆಕ್ಟ್‌ಎಕ್ಸ್ ಅಥವಾ ವಿಷುವಲ್ ಸಿ++ ಭಾಗವನ್ನು ಹಾಕಿಕೊಳ್ಳಿ. ಆಟಕ್ಕೊಂದು ಪ್ರತ್ಯೇಕ ಪ್ರಿಫಿಕ್ಸ್ ಇಟ್ಟುಕೊಂಡರೆ ಒಂದಕ್ಕೆ ಮಾಡಿದ ಬದಲಾವಣೆ ಇನ್ನೊಂದನ್ನು ಕೆಡಿಸುವುದಿಲ್ಲ.

ಪ್ರಶ್ನೆ: ಆಲ್ಪೈನ್ ಅಥವಾ ನಿಕ್ಸ್‌ಒಎಸ್ ಬಳಸುತ್ತಿದ್ದೇನೆ. ಮೇಲಿನ ಯಾವುದೂ ಕೆಲಸ ಮಾಡುತ್ತಿಲ್ಲ.

ಆಲ್ಪೈನ್ ಜಿಲಿಬ್‌ಸಿಯ ಬದಲು ಮಸ್ಲ್ ಎಂಬ ಬೇರೆ ಮೂಲ ಲೈಬ್ರರಿಯನ್ನು ಬಳಸುತ್ತದೆ, ಹಾಗಾಗಿ ಸಿದ್ಧರೂಪದಲ್ಲಿ ಬರುವ ಆಟಗಳಿಗೆ ಫ್ಲಾಟ್‌ಪ್ಯಾಕ್ ಅಥವಾ ಕಂಟೇನರ್ ಬಳಸುವುದೇ ಸರಿ. ನಿಕ್ಸ್‌ಒಎಸ್‌ನಲ್ಲಿ ಲೈಬ್ರರಿಗಳು ರೂಢಿಯ ಜಾಗಗಳಲ್ಲಿ ಇರುವುದಿಲ್ಲ; ‘ಸ್ಟೀಮ್-ರನ್’ ಅಥವಾ ‘ನಿಕ್ಸ್-ಎಲ್‌ಡಿ’ ಆ ಜಾಗಗಳಿರುವ ಪರಿಸರವನ್ನು ಆಟಕ್ಕೆ ಒದಗಿಸುತ್ತವೆ.

ಪ್ರಶ್ನೆ: ಎಲ್ಲವನ್ನೂ ಪ್ರಯತ್ನಿಸಿದರೂ ಆಗಲಿಲ್ಲ. ಸಹಾಯ ಕೇಳುವಾಗ ಏನೇನು ತಿಳಿಸಬೇಕು?

ವಿತರಣೆಯ ಹೆಸರು ಮತ್ತು ಆವೃತ್ತಿ, ಆಟದ ಆವೃತ್ತಿ ಹಾಗೂ ಅದನ್ನು ಎಲ್ಲಿಂದ ಪಡೆದಿರಿ ಎಂಬುದು, ‘ಫೈಲ್’ ಮತ್ತು ‘ಎಲ್‌ಡಿಡಿ’ ಕಮಾಂಡ್‌ಗಳು ಕೊಟ್ಟ ಉತ್ತರ, ಗ್ರಾಫಿಕ್ಸ್ ಕಾರ್ಡ್ ಮತ್ತು ಡ್ರೈವರ್‌ನ ವಿವರ, ದೋಷ ಸಂದೇಶದ ಪೂರ್ಣಪಾಠ. ಪರದೆಯ ಚಿತ್ರದ ಬದಲು ಪಠ್ಯವನ್ನೇ ನಕಲು ಮಾಡಿ ಕೊಟ್ಟರೆ ಉತ್ತರಿಸುವವರು ಅದರಲ್ಲಿ ಹುಡುಕಬಹುದು. ವ್ಯವಸ್ಥೆಯ ಭಾಷೆ ಬೇರೆಯಿದ್ದರೆ, ಆಟ ಚಲಾಯಿಸುವ ಕಮಾಂಡ್‌ನ ಮುಂದೆ ‘ಎಲ್‌ಸಿ_ಆಲ್=ಸಿ’ ಎಂದು ದೊಡ್ಡಕ್ಷರಗಳಲ್ಲಿ ಸೇರಿಸಿ; ಸಂದೇಶಗಳು ಇಂಗ್ಲಿಷ್‌ನಲ್ಲಿ ಬಂದು, ಅದೇ ದೋಷವನ್ನು ಮೊದಲೇ ಬಗೆಹರಿಸಿದವರ ಉತ್ತರಗಳು ಹುಡುಕಾಟದಲ್ಲಿ ಸಿಗುತ್ತವೆ. ನೀವು ಈಗಾಗಲೇ ಕೈಯಾರೆ ಇಟ್ಟ ಕಡತಗಳು ಅಥವಾ ಮಾಡಿದ ಲಿಂಕ್‌ಗಳಿದ್ದರೆ ಅವುಗಳನ್ನು ಖಂಡಿತವಾಗಿ ತಿಳಿಸಿ, ಏಕೆಂದರೆ ಅವು ಪ್ಯಾಕೇಜ್ ಮ್ಯಾನೇಜರ್‌ನ ಪಟ್ಟಿಯಲ್ಲಿ ಯಾರಿಗೂ ಕಾಣುವುದಿಲ್ಲ.